ಹಾಕಿ ಕೋಚ್ ಸೇವೆ: ಯಾವುದಕ್ಕೆ ಅಂಕ, ಯಾವುದಕ್ಕೆ ಬೈಗುಳ?

ಗೆದ್ದರೆ ಆಟಗಾರರಿಗೆ ಹಾರ, ಸೋತರೆ ಕೋಚ್‌ಗೆ ವಾಪಸ್ ಟಿಕೆಟ್. ಹಾಕಿಯಲ್ಲಿ ನಡೆದುಬಂದ ಪದ್ಧತಿ ಇದು. ಕೋಚಿಂಗನ್ನೂ ಒಂದು ಸೇವೆ ಅಂತ ಹಿಡಿದು ತೂಗಿದರೆ ಲೆಕ್ಕ ಬೇರೆಯೇ ಬರುತ್ತದೆ.

ಮೊದಲು ನೋಡಬೇಕಾದದ್ದು ಆಟಗಾರರ ಬದಲಾವಣೆ. 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಇದು ಪೂರ್ತಿ ಬೆಂಚಿನ, ಅಂದರೆ ಕೋಚ್‌ನ, ಕೈಯಲ್ಲಿರುವ ಕೆಲಸ. ದಣಿದ ಮಿಡ್‌ಫೀಲ್ಡರ್‌ನನ್ನು ಹೊರಗೆ ಕರೆಯದಿದ್ದರೆ ಟ್ಯಾಕಲ್ ಅರ್ಧ ಹೆಜ್ಜೆ ತಡವಾಗುತ್ತದೆ, ಸ್ಟಿಕ್ ಚೆಂಡು ಬಿಟ್ಟು ಎದುರಾಳಿಯ ಕಾಲಿಗೆ ತಾಗುತ್ತದೆ. ಹಸಿರು ಕಾರ್ಡ್ ಬಂತೆಂದರೆ ಎರಡು ನಿಮಿಷ ಹತ್ತೇ ಜನ. ಕಾರ್ಡ್ ಆಟಗಾರನದು, ತಪ್ಪು ಬಹುಪಾಲು ಬೆಂಚಿನದು.

ಪೆನಾಲ್ಟಿ ಕಾರ್ನರ್‌ನಲ್ಲಿ ಇದು ಇನ್ನೂ ಸ್ಪಷ್ಟ. ಗೋಲಿನ ಹತ್ತಿರ ಎದುರಾಳಿ ತಪ್ಪು ಮಾಡಿದರೆ ಸಿಗುವ ಅವಕಾಶ ಅದು: ಇಂಜೆಕ್ಟರ್ ಹಿಂದಿನ ಗೆರೆಯಿಂದ ಚೆಂಡು ತಳ್ಳುತ್ತಾನೆ, ಸ್ಟಾಪರ್ ಅದನ್ನು ತಡೆದು ನಿಲ್ಲಿಸುತ್ತಾನೆ, ಡ್ರ್ಯಾಗ್ ಫ್ಲಿಕ್ಕರ್ ಗೋಲಿನತ್ತ ಬೀಸುತ್ತಾನೆ. ಕಾರ್ನರ್ ಸಿಕ್ಕ ಮೇಲೆ ಅದು ಮುಗಿಯುವ ತನಕ ಬದಲಾವಣೆಗೆ ಅವಕಾಶವಿಲ್ಲ. ಆ ಹೊತ್ತಿಗೆ ಡ್ರ್ಯಾಗ್ ಫ್ಲಿಕ್ಕರ್ ಬೆಂಚಿನ ಮೇಲೆ ನೀರು ಕುಡಿಯುತ್ತಾ ಕೂತಿದ್ದರೆ ಕೋಚ್‌ಗೆ ಸೊನ್ನೆ. ಒಬ್ಬನೇ ಫ್ಲಿಕ್ಕರ್ ಇರುವ ತಂಡದ್ದು ಇನ್ನೊಂದು ಪಾಡು: ಎದುರಾಳಿಯ ಮೊದಲ ರಶರ್ (ಹೊಡೆತ ತಡೆಯಲು ಗೋಲಿನಿಂದ ಓಡಿಬರುವವ) ಅವನ ನೇರಕ್ಕೇ ನುಗ್ಗುತ್ತಾನೆ. ಸ್ಟಾಪರ್‌ನಿಂದ ಪಕ್ಕಕ್ಕೆ ಜಾರಿಸುವ ಪಾಸ್ ಅಥವಾ ಇಂಜೆಕ್ಟರ್‌ಗೇ ವಾಪಸ್ ಕೊಡುವ ತಂತ್ರ ಅಭ್ಯಾಸದಲ್ಲಿ ಕೂತಿರದಿದ್ದರೆ ಪಂದ್ಯದಲ್ಲಿ ಹೊಳೆಯುವುದಿಲ್ಲ. ಆದರೆ ಚೆಂಡು ಸ್ಟಾಪರ್‌ನ ಸ್ಟಿಕ್ಕಿನ ಮೇಲೆ ಪುಟಿದು ಹೋದರೆ ಕೋಚನ್ನು ಬೈಯುವುದು ಸುಮ್ಮನೆ ಬಾಯಿಚಪಲ.

ಎರಡು ಪಂದ್ಯ ಪಕ್ಕಪಕ್ಕ ಇಡೋಣ. 2023ರ ವಿಶ್ವಕಪ್ ಕ್ರಾಸ್‌ಓವರ್‌ನಲ್ಲಿ (ಕ್ವಾರ್ಟರ್ ಫೈನಲ್‌ಗೆ ಹೋಗಲು ಗೆಲ್ಲಬೇಕಾದ ಪಂದ್ಯ) ಭಾರತ ನ್ಯೂಜಿಲೆಂಡ್ ಎದುರು 3-1 ಮುಂದಿತ್ತು. 3-3 ಆಗಿ, ಶೂಟೌಟ್‌ನಲ್ಲಿ (ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಗೋಲಿಗೆ ಯತ್ನಿಸುವ ಹಂತ) ಸೋತಿತು. ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 41 ವರ್ಷಗಳ ಬಳಿಕ ಪದಕ ಬಂದಾಗಲೂ ಅವರೇ ಕೋಚ್. ಎರಡು ಗೋಲಿನ ಮುನ್ನಡೆ ಕರಗಿದ್ದಕ್ಕೆ ಅವರು ಉತ್ತರಿಸಬೇಕು. ಮಿಡ್‌ಫೀಲ್ಡರ್ ಹಾರ್ದಿಕ್ ಸಿಂಗ್ ಗಾಯಗೊಂಡು ಹೊರಗುಳಿದದ್ದಕ್ಕೂ ಎಂಟು ಸೆಕೆಂಡಿನ ಶೂಟೌಟ್ ಯತ್ನ ತಪ್ಪಿದ್ದಕ್ಕೂ ಅವರನ್ನು ಹಿಡಿಯುವುದು ಅನ್ಯಾಯ.

ಪ್ಯಾರಿಸ್ 2024ರ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ಎದುರು ಭಾರತದ ಅಮಿತ್ ರೋಹಿದಾಸ್ 17ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದರು. ಕಾರ್ನರ್ ತಡೆಯಲು ಮೊದಲು ನುಗ್ಗುವ ರಶರ್ ಅವರೇ ಆಗಿದ್ದರು. ಉಳಿದ ಹೊತ್ತೆಲ್ಲ ಹತ್ತು ಜನರಲ್ಲೇ ಆಡಿ ಭಾರತ ಒಂದು ಗೋಲು ಹೊಡೆದು ಒಂದೇ ಬಿಟ್ಟುಕೊಟ್ಟಿತು. ಅವರ ಜಾಗಕ್ಕೆ ಯಾರು, ಪ್ರೆಸ್ (ಚೆಂಡು ಕಸಿಯಲು ಎದುರಾಳಿಯ ಮೇಲೆ ಹಾಕುವ ಒತ್ತಡ) ಎಷ್ಟು ಹಿಂದಕ್ಕೆ ಎಂಬುದು ಮೊದಲೇ ತಯಾರಾಗಿರದ ತಂಡ ಹಾಗೆ ನಿಲ್ಲುವುದಿಲ್ಲ. ಇಲ್ಲಿ ಕೋಚ್ ಕ್ರೇಗ್ ಫುಲ್ಟನ್‌ಗೆ ಪೂರ್ಣ ಅಂಕ. 4-2ರ ಶೂಟೌಟ್ ಗೆಲುವಿನಲ್ಲಿ ದೊಡ್ಡ ಪಾಲು ಗೋಲ್‌ಕೀಪರ್ ಶ್ರೀಜೇಶ್‌ರದು.

ಐದಕ್ಕೆ ಐದು ಕೊಡುವುದಾದರೆ ರಿಕ್ ಚಾರ್ಲ್ಸ್‌ವರ್ತ್‌ಗೆ. ಅವರ ಕೈಯಲ್ಲಿ ಆಸ್ಟ್ರೇಲಿಯಾ ಮಹಿಳೆಯರು 1996 ಮತ್ತು 2000ರ ಒಲಿಂಪಿಕ್ ಚಿನ್ನ, 1994 ಮತ್ತು 1998ರ ವಿಶ್ವಕಪ್ ಗೆದ್ದರು. ನಾಲ್ಕು ಸಲ ಅದೃಷ್ಟ ಅನ್ನಲು ನಾಲಗೆ ಬರುವುದಿಲ್ಲ.