ರಾತ್ರಿ 2ರ ಜಾಬ್‌ಗೆ ಸ್ನೋಫ್ಲೇಕ್ ಲಾಗಿನ್: ನಾಲ್ಕರಲ್ಲಿ ಕೀ ಪೇರೇ ಸರಿ

ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾಬೇಸ್‌ಗೆ ಲಾಗಿನ್ ಆಗಲು ಇಲ್ಲಿ ನೋಡುವ ದಾರಿ ನಾಲ್ಕು: ಪಾಸ್‌ವರ್ಡ್, ಬ್ರೌಸರ್ ಎಸ್‌ಎಸ್‌ಒ, ಟೋಕನ್, ಕೀ ಪೇರ್ (ನಿಮ್ಮ ಬಳಿ ಗುಟ್ಟಾಗಿರುವ ಪ್ರೈವೇಟ್ ಕೀ, ಸ್ನೋಫ್ಲೇಕ್‌ನಲ್ಲಿ ಅದರ ಜೋಡಿ ಪಬ್ಲಿಕ್ ಕೀ). ಏರ್‌ಫ್ಲೋದಲ್ಲಿ (ಹೊತ್ತಿಗೆ ಸರಿಯಾಗಿ ಜಾಬ್ ಓಡಿಸುವ ಟೂಲ್) ತಾನಾಗಿ ಓಡುವ ಜಾಬ್ ಇದ್ದರೆ ಕಣ್ಣು ಮುಚ್ಚಿಕೊಂಡು ಕೀ ಪೇರ್ ಹಾಕಿ. ನಾಲ್ಕು ದಾರಿಯನ್ನೂ ಒಂದೇ ಜಾಬ್‌ಗೆ ಹಚ್ಚಿ ನೋಡಿದ ಮೇಲಿನ ಮಾತಿದು.

ಪಾಸ್‌ವರ್ಡ್ ಬೇಡ. ಎಂಎಫ್‌ಎ (ಪಾಸ್‌ವರ್ಡ್ ಜೊತೆಗೆ ಫೋನ್‌ನಲ್ಲೂ ಒಪ್ಪಿಗೆ ಕೇಳುವ ಪದ್ಧತಿ) ಇದ್ದರೆ ರಾತ್ರಿ 2ಕ್ಕೆ ಫೋನ್ ಒತ್ತುವವರು ಯಾರು? ಯೂಸರ್ ಟೈಪ್ 'ಸರ್ವಿಸ್' (ಮನುಷ್ಯರಿಗಲ್ಲ, ಜಾಬ್‌ಗಳಿಗೆ ಮಾಡಿದ ಯೂಸರ್) ಆಗಿದ್ದರಂತೂ ಪಾಸ್‌ವರ್ಡ್ ನಡೆಯುವುದೇ ಇಲ್ಲ.

ಬ್ರೌಸರ್ ಮೂಲಕ ಎಸ್‌ಎಸ್‌ಒ (ಕಂಪನಿಯ ಒಂದೇ ಲಾಗಿನ್‌ನಿಂದ ಎಲ್ಲ ಕಡೆ ಒಳಗೆ ಹೋಗುವುದು) ನಿಮ್ಮ ಲ್ಯಾಪ್‌ಟಾಪ್‌ಗೆ ಚೆಂದ, ಸರ್ವರ್‌ನಲ್ಲಿ ತೆರೆಯಲು ಬ್ರೌಸರೇ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬಳಸುವುದಾದರೆ ಅಕೌಂಟ್‌ನಲ್ಲಿ 'ಅಲೋ ಐಡಿ ಟೋಕನ್' (ಒಮ್ಮೆ ಮಾಡಿದ ಲಾಗಿನ್ ನೆನಪಿಡುವ ಸೆಟ್ಟಿಂಗ್) ಆನ್ ಮಾಡಿಸಿ; ಇಲ್ಲದಿದ್ದರೆ ಡಿಬಿಟಿ (ಎಸ್‌ಕ್ಯೂಎಲ್ ಓಡಿಸುವ ಟೂಲ್) ಓಡಿಸಿದಾಗ ಟ್ಯಾಬ್ ಮೇಲೆ ಟ್ಯಾಬ್ ತೆರೆದುಕೊಳ್ಳುತ್ತದೆ. ಮೇಲಾಗಿ ಆ ಲಾಗಿನ್ ನೋಡಿಕೊಳ್ಳುವ ಐಡೆಂಟಿಟಿ ಪ್ರೊವೈಡರ್‌ಗೆ ಸಾಮಾನ್ಯವಾಗಿ ತಲೆಗಿಷ್ಟು ಅಂತ ತಿಂಗಳ ಖರ್ಚು.

ಪ್ರೋಗ್ರಾಮ್ಯಾಟಿಕ್ ಆಕ್ಸೆಸ್ ಟೋಕನ್ (ಸ್ನೋಫ್ಲೇಕ್ ಮಾಡಿಕೊಡುವ ಗುಟ್ಟಿನ ಅಕ್ಷರ ಸಾಲು) ಎರಡೇ ನಿಮಿಷದ ಕೆಲಸ, ಪಾಸ್‌ವರ್ಡ್ ಜಾಗದಲ್ಲಿ ಅಂಟಿಸಿದರಾಯಿತು. ಆದರೆ ಅವಧಿ ಹೇಳದಿದ್ದರೆ 15 ದಿನಕ್ಕೇ ಮುಗಿಯುತ್ತದೆ. ನೆಟ್‌ವರ್ಕ್ ಪಾಲಿಸಿಯೂ ಬೇಕು, ಅಂದರೆ ಯಾವ ಐಪಿಯಿಂದ ಬರುತ್ತೀರಿ ಎಂದು ಮೊದಲೇ ಬರೆದಿಡಬೇಕು. ಬೆಂಗಳೂರಿನಲ್ಲಿ ಮನೆಯಿಂದ ಕೆಲಸ ಮಾಡುವಾಗ ಕರೆಂಟ್ ಹೋಗಿ ಹಾಟ್‌ಸ್ಪಾಟ್‌ಗೆ ಬಂದಿರೋ, ಐಪಿ ಬದಲು, ಟೋಕನ್ ಬಾಗಿಲಲ್ಲೇ ವಾಪಸ್. ಸ್ಥಿರ ಐಪಿಯ ವಿಪಿಎನ್ ಇದ್ದವರಿಗೆ ಸರಿ.

ಇನ್ನು ಕೀ ಪೇರ್. ಓಪನ್‌ಎಸ್‌ಎಸ್‌ಎಲ್‌ನಲ್ಲಿ 2048 ಬಿಟ್ ಆರ್‌ಎಸ್‌ಎ ಕೀ ಮಾಡಿ, ಪಿಕೆಸಿಎಸ್ 8 ಎಂಬ ಫೈಲ್ ರೂಪಕ್ಕೆ ತಿರುಗಿಸಿ, ಅದರಿಂದ ಪಬ್ಲಿಕ್ ಕೀ ತೆಗೆಯಿರಿ. ಮೊದಲ ಸಾಲಿನಲ್ಲಿ 'ಬಿಗಿನ್ ಆರ್‌ಎಸ್‌ಎ ಪ್ರೈವೇಟ್ ಕೀ' ಎಂದಿದ್ದರೆ ಅದು ಹಳೆಯ ರೂಪ. ನಡುವಿನ 'ಆರ್‌ಎಸ್‌ಎ' ಇರಬಾರದು. ಆಮೇಲೆ ಸ್ನೋಫ್ಲೇಕ್‌ನ 'ಆಲ್ಟರ್ ಯೂಸರ್' ಕಮಾಂಡ್‌ನಲ್ಲಿ ಪಬ್ಲಿಕ್ ಕೀ ಅಂಟಿಸುವಾಗ ಬಿಗಿನ್, ಎಂಡ್ ಸಾಲು ಬಿಡಬೇಕು. ಒಳಗೆ ಉಳಿಯುವುದು 392 ಅಕ್ಷರ, 7 ಸಾಲು. ಕೊನೆಯ ಸಾಲಿನಲ್ಲಿ ಎಂಟೇ ಅಕ್ಷರ. ಮೌಸ್ ಎಳೆಯುವಾಗ ತಪ್ಪಿಹೋಗುವುದು ಅದೇ.

ನಿಜವಾದ ತಲೆನೋವು 'ಜೆಡಬ್ಲ್ಯೂಟಿ ಟೋಕನ್ ಈಸ್ ಇನ್‌ವ್ಯಾಲಿಡ್' ಎನ್ನುವ ಎರರ್. ಜೆಡಬ್ಲ್ಯೂಟಿ ಎಂದರೆ ನಿಮ್ಮ ಪ್ರೈವೇಟ್ ಕೀಯಿಂದ ಸಹಿ ಹಾಕಿ ಕಳಿಸುವ ಲಾಗಿನ್ ಚೀಟಿ, ಮೇಲೆ ಹೇಳಿದ ಟೋಕನ್ ಅಲ್ಲ. ಏನು ತಪ್ಪೆಂದು ಅದು ಬಾಯಿ ಬಿಡುವುದಿಲ್ಲ. ಮೊದಲು ಫಿಂಗರ್‌ಪ್ರಿಂಟ್ (ಕೀಯ ಗುರುತು) ತಾಳೆ ನೋಡಿ: ಸ್ನೋಫ್ಲೇಕ್‌ನಲ್ಲಿ 'ಡಿಸ್ಕ್ರೈಬ್ ಯೂಸರ್' ಕೊಟ್ಟರೆ ಎಸ್‌ಎಚ್‌ಎ 256 ಎಂದು ಶುರುವಾಗುವ ಸಾಲು ಸಿಗುತ್ತದೆ. ನಿಮ್ಮ ಪಬ್ಲಿಕ್ ಕೀಯನ್ನು ಡಿಇಆರ್ (ಬೈನರಿ ರೂಪ) ಮಾಡಿ, ಎಸ್‌ಎಚ್‌ಎ 256 ಹ್ಯಾಶ್ ತೆಗೆದು, ಬೇಸ್ 64ಕ್ಕೆ (ಬೈಟ್‌ಗಳನ್ನು ಸರಳ ಅಕ್ಷರಗಳಾಗಿ ಬರೆಯುವ ರೀತಿ) ಹಾಕಿದರೆ ಅದೇ ಬರಬೇಕು. ಬರಲಿಲ್ಲವೆಂದರೆ ಅಲ್ಲಿರುವುದು ಬೇರೆ ಕೀ; ಪ್ರಯೋಗದ (ಡೆವ್) ಕೀ ನಿಜವಾದ ಕೆಲಸದ (ಪ್ರಾಡ್) ಜಾಗಕ್ಕೆ ಹೋಗಿ ಕೂತಿರಬಹುದು. ಹೊಂದಿದರೆ ಯೂಸರ್ ಹೆಸರು, ಅಕೌಂಟ್ ಹೆಸರು, ಸರ್ವರ್‌ನ ಗಡಿಯಾರ, ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

ಎರರ್ ಕೀ ಓದುವ ಹಂತದಲ್ಲೇ ಬಂದರೆ ಕಥೆ ಬೇರೆ. ಜಾಬ್‌ನ ಗುಟ್ಟಿನ ಮಾಹಿತಿ ಇಡುವ ಸೀಕ್ರೆಟ್ ಪೆಟ್ಟಿಗೆಯಲ್ಲಿ ಪ್ರೈವೇಟ್ ಕೀ ಅಂಟಿಸಿದಾಗ ಸಾಲು ಮುರಿಯುವ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು 'ಎನ್' ಅಕ್ಷರಗಳಾಗಿಯೇ ಕೂತುಬಿಡಬಹುದು. ಇಡೀ ಫೈಲನ್ನು ಬೇಸ್ 64 ಮಾಡಿ ಒಂದೇ ಸಾಲಾಗಿ ಇಡಿ, ಜಾಬ್ ಶುರುವಾದಾಗ ಬಿಚ್ಚಿಕೊಳ್ಳಿ. ಫೈಲಾಗಿ ಇಡುವುದಾದರೆ ಪರ್ಮಿಷನ್ 600, ಅಂದರೆ ಫೈಲಿನ ಒಡೆಯ ಮಾತ್ರ ಓದಿ ಬರೆಯಬಹುದು.

ಇಷ್ಟು ಕಾಟ ಒಂದೇ ಸಲ. ಖರ್ಚು ಸೊನ್ನೆ, 15 ದಿನದ ಗಡುವಿಲ್ಲ. ಕೀ ಬದಲಿಸುವಾಗಲೂ ಜಾಬ್ ನಿಲ್ಲಿಸಬೇಕಿಲ್ಲ: ಹೊಸ ಪಬ್ಲಿಕ್ ಕೀಯನ್ನು ಯೂಸರ್‌ನ ಎರಡನೇ ಜಾಗವಾದ 'ಆರ್‌ಎಸ್‌ಎ ಪಬ್ಲಿಕ್ ಕೀ 2'ಕ್ಕೆ ಹಾಕಿ, ಜಾಬ್‌ಗೆ ಹೊಸ ಪ್ರೈವೇಟ್ ಕೀ ಕೊಟ್ಟು, ಒಂದು ರಾತ್ರಿ ಓಡಿದ ಮೇಲೆ ಹಳೆಯದನ್ನು 'ಅನ್‌ಸೆಟ್' ಮಾಡಿ. ಪಾಸ್‌ವರ್ಡ್ ಪೆಟ್ಟಿಗೆ ಮಾತ್ರ ಇರುವ ರಿಪೋರ್ಟ್ ಟೂಲ್ ಒಂದಕ್ಕೆ ಟೋಕನ್ ಇರಲಿ.