ಕಪೆರ್ನೌಮಿನ ಶತಾಧಿಪತಿ: ಒಂದು ಧ್ವನಿ ಪಾಠಮಾಲೆಯ ವಿಮರ್ಶೆ

ಸತ್ಯವೇದ ಅಧ್ಯಯನದ ಗುಂಪುಗಳಿಗಾಗಿ ಸಿದ್ಧಪಡಿಸಿರುವ ಈ ಧ್ವನಿ ಪಾಠಮಾಲೆಯಲ್ಲಿ ಆರು ಪಾಠಗಳೂ ಜೊತೆಗೊಂದು ಅಭ್ಯಾಸ ಪುಸ್ತಿಕೆಯೂ ಇವೆ. ಆರೂ ಪಾಠಗಳ ವಿಷಯ ಒಂದೇ, ಗಲಿಲಾಯ ಸೀಮೆಯ ಕಪೆರ್ನೌಮ್ ಊರಿನಲ್ಲಿದ್ದ ಶತಾಧಿಪತಿಯ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿಯ, ಆಳು ಯೇಸುವಿನ ಮಾತಿನಿಂದ ಗುಣಹೊಂದಿದ ಪ್ರಸಂಗ. ಮತ್ತಾಯನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಒಂಬತ್ತು ವಚನ, ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಹತ್ತು ವಚನ, ಅಷ್ಟೇ ಇದರ ಮೂಲ ಸಾಮಗ್ರಿ. ಇಷ್ಟು ಚಿಕ್ಕ ಭಾಗವನ್ನು ಇಷ್ಟು ಹೊತ್ತು ಹೇಳಹೊರಟರೆ ಹೇಳಿದ್ದನ್ನೇ ಹೇಳುವ ಅಪಾಯವಿದ್ದೇ ಇರುತ್ತದೆ. ಮೊದಲ ನಾಲ್ಕು ಪಾಠಗಳು ಆ ಅಪಾಯವನ್ನು ಚೆನ್ನಾಗಿಯೇ ದಾಟಿವೆ. ಕೊನೆಯ ಎರಡರ ಬಗ್ಗೆ ನನಗೆ ಗಂಭೀರವಾದ ತಕರಾರಿದೆ.

ಮೊದಲ ಪಾಠ ಹಿನ್ನೆಲೆಗೆ ಮೀಸಲು. ಗಲಿಲಾಯ ಆಗ ರೋಮಿಗೆ ಅಧೀನನಾಗಿದ್ದ ಅರಸ ಹೆರೋದ ಅಂತಿಪನ ಆಳ್ವಿಕೆಯಲ್ಲಿತ್ತು; ಕ್ರಿ.ಶ. 39ರಲ್ಲಿ ಅವನು ಅಧಿಕಾರ ಕಳೆದುಕೊಂಡ, ಅವನ ಕಾಲದಲ್ಲಿ ಅದು ರೋಮಿನ ನೇರ ಆಡಳಿತದ ಪ್ರಾಂತ್ಯವಾಗಿರಲಿಲ್ಲ. ಆದ್ದರಿಂದ ಈ ಅಧಿಕಾರಿ ರೋಮಿನ ದಂಡಿಗಿಂತ ಅಂತಿಪನ ಸೇನೆಗೇ ಸೇರಿದವನಾಗಿರುವ ಸಂಭವ ಹೆಚ್ಚೆಂದು ಉಪದೇಶಕರು ಹೇಳುತ್ತಾರೆ. ಕಪೆರ್ನೌಮಿನಲ್ಲಿ ಇಂದು ಕಾಣುವ ಬಿಳಿ ಸುಣ್ಣಕಲ್ಲಿನ ಸಭಾಮಂದಿರದ (ಯೆಹೂದ್ಯರ ಪ್ರಾರ್ಥನಾ ಮಂದಿರದ) ಅವಶೇಷ ನಾಲ್ಕು-ಐದನೆಯ ಶತಮಾನಗಳ ಕಾಲದ್ದು. ಶತಾಧಿಪತಿ ಊರಿನವರಿಗೆ ಸಭಾಮಂದಿರ ಕಟ್ಟಿಸಿಕೊಟ್ಟನೆಂದು ಲೂಕನಲ್ಲಿದೆ; ಆ ಮಂದಿರ ಇದೇ ಎಂದು ಹೇಳಿ ಕೇಳುಗರನ್ನು ಪುಳಕಗೊಳಿಸುವ ಆಸೆಗೆ ಅವರು ಬಲಿಯಾಗಿಲ್ಲ. ಅದರ ಕೆಳಗಿರುವ ಕಪ್ಪು ಶಿಲೆಯ ಅಡಿಪಾಯ ಇನ್ನೂ ಹಳೆಯದೆಂದಷ್ಟೇ ತಿಳಿಸಿ ಮುಂದೆ ಸಾಗುತ್ತಾರೆ. ಬೋಧನೆಯ ಧ್ವನಿಮುದ್ರಿಕೆಗಳಲ್ಲಿ ಇಂಥ ಸಂಯಮ ಅಪರೂಪ.

ಎರಡನೆಯ ಪಾಠದಿಂದ ಮಾತು ಗಟ್ಟಿಯಾಗುತ್ತದೆ. ಮತ್ತಾಯನಲ್ಲಿ ಶತಾಧಿಪತಿ ತಾನೇ ಯೇಸುವಿನ ಬಳಿಗೆ ಬರುತ್ತಾನೆ. ಲೂಕನಲ್ಲಿ ಮೊದಲು ಯೆಹೂದ್ಯರ ಹಿರಿಯರನ್ನು, ಆಮೇಲೆ ತನ್ನ ಸ್ನೇಹಿತರನ್ನು ಕಳುಹಿಸುತ್ತಾನೆ. ದೂತರ ಬಾಯಿಂದ ಆಡಿಸಿದ ಮಾತನ್ನು ಕಳುಹಿಸಿದವನ ಮಾತೆಂದೇ ಎಣಿಸುವುದು ರೂಢಿಯೆಂದು ಪಾಠ ಈ ವ್ಯತ್ಯಾಸವನ್ನು ಬಗೆಹರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಲೂಕನ ನಿರೂಪಣೆಯಲ್ಲಿ ಹಿರಿಯರು ಆಡುವ ಮಾತನ್ನೂ ಶತಾಧಿಪತಿ ಹೇಳಿಕಳುಹಿಸುವ ಮಾತನ್ನೂ ಎದುರುಬದುರು ಇಟ್ಟು ತೋರಿಸಿರುವುದು. ಇವನು ನಮ್ಮ ಜನರನ್ನು ಪ್ರೀತಿಸುತ್ತಾನೆ, ನಮಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದಾನೆ, ನಿನ್ನಿಂದ ಈ ಉಪಕಾರ ಹೊಂದುವುದಕ್ಕೆ ಯೋಗ್ಯನು ಎಂಬುದು ಹಿರಿಯರ ಶಿಫಾರಸು. ನೀನು ನನ್ನ ಮನೆಯೊಳಗೆ ಕಾಲಿಡುವಷ್ಟು ಯೋಗ್ಯತೆ ನನಗಿಲ್ಲ ಎಂಬುದು ಅವನು ಹೇಳಿಕಳುಹಿಸಿದ್ದು. ತಾನು ಕಟ್ಟಿಸಿದ ಮಂದಿರದ ಮಾತನ್ನೇ ಅವನು ಎತ್ತುವುದಿಲ್ಲ. ಇಲ್ಲಿ ಪಾಠ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಗುಂಪಿನ ನಾಯಕರು ಸೇರಿಸಿಕೊಳ್ಳಬಹುದು. ಯೆಹೂದ್ಯನೊಬ್ಬ ಅನ್ಯಜನರ, ಅಂದರೆ ಈ ಶತಾಧಿಪತಿಯಂತೆ ಯೆಹೂದ್ಯರಲ್ಲದವರ, ಮನೆಗೆ ಹೋಗುವುದು ನಿಷಿದ್ಧವೆಂದು ಯೇಸುವಿನ ಶಿಷ್ಯ ಪೇತ್ರನು ಕೊರ್ನೇಲ್ಯನ ಮನೆಯಲ್ಲಿ ನೆನಪಿಸುತ್ತಾನೆ, ಕೊರ್ನೇಲ್ಯನೂ ಶತಾಧಿಪತಿಯೇ. ಹಾಗೆ ನೋಡಿದರೆ ಯೇಸುವನ್ನು ದಾರಿಯಲ್ಲೇ ತಡೆದದ್ದರಲ್ಲಿ ತನ್ನ ಅಯೋಗ್ಯತೆಯ ಅರಿವಿನ ಜೊತೆಗೆ, ಬರುವವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂಬ ಸೂಕ್ಷ್ಮವೂ ಇದ್ದೀತು.

ಇಡೀ ಮಾಲಿಕೆಯ ತಿರುಳು ಮೂರನೆಯ ಪಾಠ. ‘ಹೋಗು ಎಂದರೆ ಹೋಗುತ್ತಾನೆ, ಬಾ ಎಂದರೆ ಬರುತ್ತಾನೆ’ ಎಂಬ ಮಾತು ಎಲ್ಲರಿಗೂ ನೆನಪಿರುತ್ತದೆ. ಆದರೆ ಅದಕ್ಕೂ ಮೊದಲು ಅವನು ತಾನೂ ಮತ್ತೊಬ್ಬರ ಅಧಿಕಾರಕ್ಕೆ ಒಳಪಟ್ಟವನೆಂದು ಹೇಳುತ್ತಾನೆ. ತನ್ನ ಆಜ್ಞೆ ನಡೆಯುವುದು ತನ್ನ ತೋಳ್ಬಲದಿಂದಲ್ಲ, ಮೇಲಿನವರು ತನಗೆ ಕೊಟ್ಟ ಅಧಿಕಾರದಿಂದ ಎಂಬುದನ್ನು ಅವನು ದಿನವೂ ಕಂಡವನು. ತಾನು ಅಧೀನನೆಂಬ ಈ ತಿಳಿವಳಿಕೆಯೇ ಅವನನ್ನು ನಮ್ರನನ್ನಾಗಿಸಿದೆ. ಯೇಸುವಿನ ಒಂದು ಮಾತಿಗೆ ದೂರ ಅಡ್ಡಿಯಾಗದೆಂಬ ವಿಶ್ವಾಸವೂ ಅದರಿಂದಲೇ ಹುಟ್ಟಿದೆ. ವಿಶ್ವಾಸಕ್ಕೊಂದು ಪಾಠ, ದೀನತೆಗೊಂದು ಪಾಠ ಎಂದು ಬೇರ್ಪಡಿಸದೆ ಎರಡಕ್ಕೂ ಬೇರು ಒಂದೇ ಎಂದು ತೋರಿಸಿರುವುದು ಉಪದೇಶಕರ ದೊಡ್ಡ ಸಾಧನೆ. ಯೇಸು ಆಶ್ಚರ್ಯಪಟ್ಟನೆಂದು ಸುವಾರ್ತೆಗಳು ಹೇಳುವ ಸಂದರ್ಭಗಳು ಎರಡೇ ಎಂಬುದನ್ನು ನಾಲ್ಕನೆಯ ಪಾಠ ಎತ್ತಿಕೊಳ್ಳುತ್ತದೆ: ಸ್ವಂತ ಊರಿನವರ ಅಪನಂಬಿಕೆಯನ್ನು ಕಂಡಾಗ ಒಮ್ಮೆ, ಈ ಪರಕೀಯನ ನಂಬಿಕೆಯನ್ನು ಕಂಡಾಗ ಇನ್ನೊಮ್ಮೆ.

ಐದನೆಯ ಪಾಠದಲ್ಲಿ ದಾರಿ ತಪ್ಪುತ್ತದೆ. ದೀನತೆಯೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದೆಂಬ ಧಾಟಿಯಲ್ಲಿ ಇಡೀ ಪಾಠ ಸಾಗುತ್ತದೆ, ಕೇಳುಗರಿಂದಲೂ ಅದನ್ನೇ ಬಯಸುತ್ತದೆ. ಶತಾಧಿಪತಿ ಎಲ್ಲಿಯೂ ಹಾಗೆ ಮಾಡುವುದಿಲ್ಲ. ತನ್ನ ಮಾತು ನಡೆಯುತ್ತದೆಂದು ಅವನು ಸಂಕೋಚವಿಲ್ಲದೆ ಹೇಳುತ್ತಾನೆ. ಬೇಕಾದದ್ದನ್ನು ನೇರವಾಗಿ ಕೇಳುತ್ತಾನೆ. ಮೂರನೆಯ ಪಾಠವನ್ನು ಹೇಳಿದವರೇ ಇದನ್ನೂ ಹೇಳಿದರೇ ಎಂದು ಅಚ್ಚರಿಯಾಗುತ್ತದೆ.

ಆರನೆಯದು ಇನ್ನೂ ಕಷ್ಟದ್ದು. ‘ನೀನು ನಂಬಿದಂತೆ ನಿನಗಾಗಲಿ’ ಎಂದು ಯೇಸು ಶತಾಧಿಪತಿಗೆ ಹೇಳಿದ ವಚನವನ್ನು ಹಿಡಿದು, ನಂಬಿಕೆ ಎಷ್ಟೋ ಸ್ವಸ್ಥತೆ ಅಷ್ಟು ಎಂಬ ಲೆಕ್ಕಕ್ಕೆ ಪಾಠ ಇಳಿಯುತ್ತದೆ. ಆದರೆ ಈ ಪ್ರಸಂಗದಲ್ಲಿ ಗುಣಹೊಂದಿದವನು ಒಂದು ಮಾತನ್ನೂ ಆಡುವುದಿಲ್ಲ. ಅವನ ನಂಬಿಕೆ ಎಷ್ಟಿತ್ತೆಂದು ಯಾರೂ ವಿಚಾರಿಸುವುದಿಲ್ಲ. ಲೂಕನು ಇದರ ಬೆನ್ನಿಗೇ ಹೇಳುವ ನಾಯಿನೆಂಬ ಊರಿನ ವಿಧವೆಯ ಪ್ರಸಂಗದಲ್ಲಂತೂ ಆಕೆ ಏನನ್ನೂ ಬೇಡುವುದೇ ಇಲ್ಲ, ಸತ್ತ ಮಗ ಎದ್ದು ಕೂರುತ್ತಾನೆ. ಬಹುಕಾಲದಿಂದ ಹಾಸಿಗೆ ಹಿಡಿದವರಿರುವ ಮನೆಯವರು ಈ ಪಾಠ ಕೇಳಿದರೆ, ಗುಣವಾಗದಿರುವುದು ತಮ್ಮದೇ ನಂಬಿಕೆಯ ಕೊರತೆಯಿಂದ ಎಂಬ ಅಪರಾಧದ ಭಾರ ಅವರ ಹೆಗಲೇರುತ್ತದೆ.

ಅಭ್ಯಾಸ ಪುಸ್ತಿಕೆಯ ಪ್ರಶ್ನೆಗಳು ಪಾಠಗಳಿಗಿಂತ ಒಂದು ಕೈ ಮೇಲು. ತನ್ನ ಮಗ ಸಾಯುವ ಮೊದಲು ಇಳಿದು ಬಾ ಎಂದು ಯೇಸುವನ್ನು ಬೇಡಿಕೊಂಡ ಅರಮನೆಯ ಅಧಿಕಾರಿಯ ಪ್ರಸಂಗ ಯೋಹಾನನ ನಾಲ್ಕನೆಯ ಅಧ್ಯಾಯದಲ್ಲಿದೆ. ಬರಬೇಕೆಂದು ಅಂಗಲಾಚಿದ ಅವನನ್ನೂ ಬರುವುದು ಬೇಡವೆಂದ ಶತಾಧಿಪತಿಯನ್ನೂ ಹೋಲಿಸಿ ನೋಡಿರೆಂದು ಕೇಳುವ ಪ್ರಶ್ನೆಯೊಂದೇ ಒಂದು ಸಂಜೆಯ ಚರ್ಚೆಗೆ ಸಾಕು. ಧ್ವನಿ ಸ್ಪಷ್ಟವಾಗಿದೆ, ಓದುವ ವೇಗ ಹಿತವಾಗಿದೆ. ಹಿನ್ನೆಲೆ ಸಂಗೀತ ಮಾತ್ರ ವಚನಗಳ ನಡುವೆ ಅನಗತ್ಯವಾಗಿ ಏರುತ್ತದೆ. ಕೊಳ್ಳಬಹುದೇ ಎಂದು ಕೇಳುವವರಿಗೆ ಕೊಳ್ಳಿ ಎಂದೇ ಹೇಳುತ್ತೇನೆ. ಗುಂಪಿನಲ್ಲಿ ಬಳಸುವವರು ನಾಲ್ಕನೆಯ ಪಾಠಕ್ಕೆ ನಿಲ್ಲಿಸಿ, ಉಳಿದ ಎರಡು ವಾರಗಳನ್ನು ಪುಸ್ತಿಕೆಯ ಪ್ರಶ್ನೆಗಳಿಗೆ ಬಿಟ್ಟುಕೊಡುವುದು ಒಳ್ಳೆಯದು.