ಮಂಗಳೂರಿನಿಂದ ಬೆಂಗಳೂರಿಗೆ ಸರಕು: ಇಡೀ ಲಾರಿಯೋ, ಪಾರ್ಟ್ ಲೋಡೋ?

ಗೋಡಂಬಿ ಡಬ್ಬ ಕಳಿಸಲು ಇಡೀ ಲಾರಿ ಹಿಡಿಯುವುದೋ, ಬೇರೆಯವರ ಮಾಲಿನ ಜೊತೆ ಒಂದೇ ಲಾರಿಯಲ್ಲಿ ಹಾಕುವ ಪಾರ್ಟ್ ಲೋಡೋ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ತೂಕ ನೋಡಿ. ಆರು ಚಕ್ರದ ಲಾರಿ ಹತ್ತಿರ ಹತ್ತಿರ 10 ಟನ್ ಹೊರುತ್ತದೆ. ನಿಮ್ಮದು ಒಂದೆರಡು ಟನ್ ಆದರೆ ಖಾಲಿ ಜಾಗಕ್ಕೆ ಸುಮ್ನೆ ಬಾಡಿಗೆ ಕೊಟ್ಟಂತೆ. ಅಲ್ಲಿ ಪಾರ್ಟ್ ಲೋಡೇ ಅಗ್ಗ. ಮುಕ್ಕಾಲು ಲಾರಿ ತುಂಬುವಷ್ಟಿದ್ದರೆ ಇಡೀ ಲಾರಿಯೇ ಗಿಟ್ಟುತ್ತದೆ. ವಾಪಸ್ ಲೋಡ್ ಹುಡುಕುತ್ತಿರುವ ಬೆಂಗಳೂರಿನ ಲಾರಿ ಸಿಕ್ಕರೆ ಬಾಡಿಗೆ ಇನ್ನೂ ಇಳಿಯುತ್ತದೆ, ಚೌಕಾಸಿ ಮಾಡಿ.

ಮಾಲಿನ ಸುರಕ್ಷತೆಯಲ್ಲಿ ಇಡೀ ಲಾರಿ ಮುಂದು. ಪಾರ್ಟ್ ಲೋಡಿನಲ್ಲಿ ಗೋಡೌನಿನಲ್ಲಿ ಇಳಿಸಿ, ಮತ್ತೆ ಹತ್ತಿಸುತ್ತಾರೆ. ಡಬ್ಬ ಜಜ್ಜುವುದು ಅಲ್ಲೇ. ಪಕ್ಕದಲ್ಲಿ ಯಾರ ಮಾಲು ಇರುತ್ತದೋ ಹೇಳಲಾಗದು.

ಇನ್ನು ಸಮಯ. ದಾರಿ ಸುಮಾರು 350 ಕಿ.ಮೀ. ಇ-ವೇ ಬಿಲ್ಲಿಗೆ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ) 200 ಕಿ.ಮೀ.ಗೆ ಒಂದು ದಿನದ ಅವಧಿ, ಅಂದರೆ ಈ ದಾರಿಗೆ ಎರಡು ದಿನ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಎರಡೂ ಲಾರಿ ನಿಲ್ಲುತ್ತವೆ, ಅಲ್ವಾ? ಆಗ ಬಿಲ್ಲಿನ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು. ಇಡೀ ಲಾರಿಯಾದರೆ ಡ್ರೈವರ್‌ಗೆ ನೇರ ಫೋನ್ ಮಾಡಬಹುದು. ಪಾರ್ಟ್ ಲೋಡಿನಲ್ಲಿ ಬುಕಿಂಗ್ ಆಫೀಸಿನವರನ್ನೇ ಕಾಡಬೇಕು.

ಹಬ್ಬದ ಆರ್ಡರ್, ತಾರೀಕು ತಪ್ಪಬಾರದು ಎಂದರೆ ಇಡೀ ಲಾರಿ. ವಾರವಾರ ನಾಲ್ಕಾರು ಡಬ್ಬ ಅಂಗಡಿಗೆ ಹೋಗುವುದಾದರೆ ಪಾರ್ಟ್ ಲೋಡ್ ಸಾಕು, ಪ್ಯಾಕಿಂಗ್ ಮಾತ್ರ ಗಟ್ಟಿ ಇರಲಿ.